ತನಾಕಾ ಎಂಬ ಮನೆತನದ ಹೆಸರು

ಜಪಾನೀಯರು ಮನೆತನದ ಹೆಸರನ್ನು ಮೊದಲು ಹೇಳಿ, ಸ್ವಂತ ಹೆಸರನ್ನು ಅನಂತರ ಹೇಳುತ್ತಾರೆ. ಅಲ್ಲಿ ಬಹಳವಾಗಿ ಕೇಳಿಬರುವ ಮನೆತನದ ಹೆಸರುಗಳಲ್ಲಿ ‘ತನಾಕಾ’ ಒಂದು. ‘ತ’ ಎಂದರೆ ಭತ್ತದ ಗದ್ದೆ, ‘ನಾಕಾ’ ಎಂದರೆ ನಡು. ಗದ್ದೆಯ ನಡುವೆ ಎಂದು ಅರ್ಥ. ಹಿಂದೆ ಅಲ್ಲಿನ ಸಾಮಾನ್ಯ ಪ್ರಜೆಗಳಿಗೆ ಮನೆತನದ ಹೆಸರನ್ನು ಬಹಿರಂಗವಾಗಿ ಬಳಸುವ ಅಧಿಕಾರವಿರಲಿಲ್ಲ. ಸರಕಾರವು 1870ರಲ್ಲಿ ಅದಕ್ಕೆ ಅನುಮತಿಯಿತ್ತು, 1875ರಲ್ಲಿ ಕಡ್ಡಾಯಗೊಳಿಸಿತು. ಆದುದರಿಂದ ತನಾಕಾ ಎನಿಸಿಕೊಂಡವರೆಲ್ಲರೂ ಒಂದೇ ವಂಶದವರಲ್ಲ. ಈ ಹೆಸರಿನ ಮೂವರನ್ನು ಪರಿಚಯ ಮಾಡಿಕೊಳ್ಳೋಣ.

ತನಾಕಾ ಶೋಜೋ (1841–1913) ಪಾರ್ಲಿಮೆಂಟಿನ ಸದಸ್ಯರಾಗಿದ್ದರು. ಅಶಿಯೋ ಎಂಬಲ್ಲಿನ ತಾಮ್ರದ ಗಣಿಯ ವಿಷವು ವತಾರಸೆ ನದಿಗೆ ಸೇರಿ, ನೆರೆ ಬಂದಾಗಲೆಲ್ಲ ಗದ್ದೆಗಳಿಗೆ ನುಗ್ಗಿ ಬೆಳೆಯನ್ನು ನಾಶಮಾಡುತ್ತಿತ್ತು. 1891ರಿಂದ ಅವರು ಸಭೆಯಲ್ಲಿ ರೈತರ ಪರವಾಗಿ ವಾದಿಸಿದರು. ಫಲ ಕಾಣದೆ 1901ರಲ್ಲಿ ಸದಸ್ಯತ್ವವನ್ನು ತ್ಯಜಿಸಿ, ಮನವಿಪತ್ರವನ್ನು ಹಿಡಿದು ಚಕ್ರವರ್ತಿಯ ಸಾರೋಟಿನತ್ತ ಧಾವಿಸಿದರು. ಕಾವಲಿನವರು ಹಿಡಿದುಬಿಟ್ಟರು, ಆದರೆ ರೈತರ ದುಃಖವು ನಾಡಿಗೆಲ್ಲ ತಿಳಿಯಿತು. ಕೊನೆಗಾಲದಲ್ಲಿ ಅವರ ಬಳಿ ಉಳಿದುದು ಒಂದು ಚೀಲ. ಅದರಲ್ಲಿದ್ದುವು ದಿನಚರಿ, ದೇಶದ ಸಂವಿಧಾನ, ಬೈಬಲಿನ ಹೊಸ ಒಡಂಬಡಿಕೆ ಮತ್ತು ಕೆಲವು ಚಿಕ್ಕ ಕಲ್ಲುಗಳು.

ತನಾಕಾ ಕಾಕುಯೇಯಿ (1918–1993) ಹೆಚ್ಚಿನ ಶಾಲಾ ವಿದ್ಯಾಭ್ಯಾಸವಿಲ್ಲದೆಯೇ ಸ್ವಪ್ರಯತ್ನದಿಂದ ಮೇಲೇರಿ, 1972ರಲ್ಲಿ ಪ್ರಧಾನಮಂತ್ರಿಯಾದರು. ಅದೇ ವರ್ಷ ಚೀನಾ ದೇಶದೊಡನೆ ರಾಜತಾಂತ್ರಿಕ ಸಂಬಂಧವನ್ನು ಕೂಡಿಸಿದರು. ಆದರೆ ವಿಮಾನ ಖರೀದಿಯ ಲಂಚದ ಮೊಕದ್ದಮೆಯಲ್ಲಿ 1983ರಲ್ಲಿ ನ್ಯಾಯಾಲಯವು ಅವರನ್ನು ಅಪರಾಧಿಯೆಂದು ತೀರ್ಮಾನಿಸಿತು. ಮೇಲ್ಮನವಿಯು ಇತ್ಯರ್ಥವಾಗುವ ಮುನ್ನವೇ ಅವರು ತೀರಿಕೊಂಡರು.

1959ರಲ್ಲಿ ಜನಿಸಿದ ತನಾಕಾ ಕೊಯಿಚಿ ಕ್ಯೋಟೋ ನಗರದ ಶಿಮಾಡ್ಜು ಕಂಪೆನಿಯಲ್ಲಿ ಇಂಜಿನಿಯರರಾಗಿದ್ದರು. 1985ರಲ್ಲಿ ಒಂದು ದಿನ ಲೋಹದ ಹುಡಿಗೆ ಬೇರೊಂದು ದ್ರವದ ಬದಲು ಗ್ಲಿಸರಿನ್ ಬೆರೆಸಿಬಿಟ್ಟರು. ಚೆಲ್ಲಿದರೆ ವ್ಯರ್ಥವಾಗುವುದೆಂದು ಅದನ್ನೇ ಪರೀಕ್ಷಿಸಿದರು. ಪ್ರೋಟೀನಿನಂತಹ ದೊಡ್ಡ ಅಣುಗಳನ್ನು ಒಡೆಯದೆ ತೂಗುವ ಮಾರ್ಗವು ಆ ತಪ್ಪಿನಿಂದಲೇ ತೆರೆಯಿತು. ಡಾಕ್ಟರೇಟ್ ಪದವಿಯಿಲ್ಲದ ಈ ನೌಕರರಿಗೆ 2002ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಹೆಸರೊಂದೇ, ನಡೆದ ದಾರಿಗಳು ಮೂರು. ಒಬ್ಬರು ಪರರ ಗದ್ದೆಗಾಗಿ ತಮ್ಮ ಸರ್ವಸ್ವವನ್ನು ಕಳೆದುಕೊಂಡರು. ಒಬ್ಬರು ಗಳಿಸಿದ ಕೀರ್ತಿಗೆ ತಾವೇ ಕಳಂಕ ತಂದುಕೊಂಡರು. ಒಬ್ಬರು ತಮ್ಮ ತಪ್ಪಿನಿಂದಲೇ ಕಲಿತರು. ಮನೆತನದ ಹೆಸರು ಹಿರಿಯರಿಂದ ಬಂದ ಗದ್ದೆಯಂತೆ. ಅದರಲ್ಲಿ ಏನನ್ನು ಬೆಳೆಯಬೇಕೆಂಬುದು ಉಳುವವನಿಗೆ ಸೇರಿದುದು.