ಕುಡಿಯುವ ನೀರಿನ ಟ್ಯಾಂಕರ್ ಲಾರಿ: ಡೀಸೆಲ್ ಎಂಜಿನ್ ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ನೀರೇ ಅನೇಕ ಗ್ರಾಮಗಳಿಗೆ ಆಧಾರವಾಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಲಾರಿಯು ಒಂದು ವಾರ ಕೆಟ್ಟು ನಿಂತರೂ ಅದರ ಪರಿಣಾಮವನ್ನು ಅನುಭವಿಸುವವರು ಕೊಡ ಹಿಡಿದು ಕಾಯುವ ಜನರು. ಆದುದರಿಂದ ಲಾರಿ ಖರೀದಿಯ ನಿರ್ಣಯವನ್ನು ಅಂಗೀಕರಿಸುವ ಮುನ್ನ ಅದರ ಎಂಜಿನ್ ಕುರಿತು ಸದಸ್ಯರಿಗೆ ಸಾಮಾನ್ಯ ತಿಳಿವಳಿಕೆ ಇರುವುದು ಅವಶ್ಯಕ.

1. ಲಾರಿಯ ಅಗತ್ಯವಿದೆಯೇ?

ನೀರಿನ ಮೂಲವು ಹತ್ತಿರದಲ್ಲಿದ್ದು ಒಂದೆರಡು ಗ್ರಾಮಗಳಿಗಷ್ಟೇ ಪೂರೈಕೆಯಾಗಬೇಕಿದ್ದಲ್ಲಿ ಟ್ರ್ಯಾಕ್ಟರ್ ಎಳೆಯುವ ಟ್ಯಾಂಕರ್ ಸಾಕಾಗುತ್ತದೆ. ಮೂಲವು ದೂರವಿದ್ದು ಹಲವು ಗ್ರಾಮಗಳಿಗೆ ಅಥವಾ ಎರಡು ಮೂರು ಪಂಚಾಯಿತಿಗಳಿಗೆ ಜಂಟಿಯಾಗಿ ನೀರು ಒದಗಿಸಬೇಕಾದಾಗ ಮಾತ್ರ ಭಾರಿ ಲಾರಿಯ ವೆಚ್ಚ ಸಮರ್ಥನೀಯವಾಗುತ್ತದೆ.

2. ತೂಕದ ಲೆಕ್ಕ

ಎರಡು ಆಕ್ಸಲ್, ಆರು ಚಕ್ರಗಳ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರವು 2018ರಲ್ಲಿ 16.2 ಟನ್‌ನಿಂದ 18.5 ಟನ್‌ಗೆ ಹೆಚ್ಚಿಸಿದೆ. 10,000 ಲೀಟರ್ ನೀರಿನ ತೂಕ 10 ಟನ್. ಚಾಸಿ ಮತ್ತು ಕ್ಯಾಬಿನ್‌ಗೆ ಸುಮಾರು 5 ಟನ್, ಉಕ್ಕಿನ ಟ್ಯಾಂಕಿಗೆ ಸುಮಾರು 1.5 ಟನ್ ಸೇರಿಸಿದರೆ ಒಟ್ಟು 16.5 ಟನ್ ಆಗುತ್ತದೆ. ಇದೇ ಚಾಸಿಯ ಮೇಲೆ 12,000 ಲೀಟರ್‌ನ ಟ್ಯಾಂಕ್ ಕೂರಿಸಿದರೆ ಮಿತಿಯ ಅಂಚನ್ನು ತಲುಪಿದಂತೆ.

3. ಎಷ್ಟು ಅಶ್ವಶಕ್ತಿ?

16.5 ಟನ್ ಲಾರಿಯು 20 ಅಡಿಗೆ 1 ಅಡಿ ಏರುವ ಕಚ್ಚಾ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗಲು ಎಂಜಿನ್ ಸುಮಾರು 95 ಅಶ್ವಶಕ್ತಿ ಒದಗಿಸಬೇಕಾಗುತ್ತದೆ. ಆದುದರಿಂದ 150ರಿಂದ 180 ಅಶ್ವಶಕ್ತಿಯ ಎಂಜಿನ್ ಗ್ರಾಮೀಣ ಬಳಕೆಗೆ ಸಾಕು. ಹೆದ್ದಾರಿಯ ವೇಗಕ್ಕೆಂದು ರೂಪಿಸಿದ ಹೆಚ್ಚಿನ ಶಕ್ತಿಗೆ ಹಣ ತೆರುವ ಅಗತ್ಯವಿಲ್ಲ. ಅದಕ್ಕಿಂತ ಮುಖ್ಯವಾದುದು ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ. ನಿಮಿಷಕ್ಕೆ 1,200ರಿಂದ 1,600 ಸುತ್ತುಗಳ ಕಡಿಮೆ ವೇಗದಲ್ಲಿಯೇ ಪೂರ್ಣ ಟಾರ್ಕ್ ನೀಡುವ ಎಂಜಿನ್, ತುಂಬಿದ ಟ್ಯಾಂಕನ್ನು ಏರಿನಲ್ಲಿ ಪದೇ ಪದೇ ಗೇರ್ ಬದಲಿಸದೆ ಎಳೆಯುತ್ತದೆ. ಕ್ಲಚ್ ಸವೆತವೂ ಕಡಿಮೆಯಾಗುತ್ತದೆ.

4. ಬಿಎಸ್-6 ಎಂಜಿನ್‌ನ ವಿಶೇಷ ಆರೈಕೆ

1 ಏಪ್ರಿಲ್ 2020ರಿಂದ ಬಿಎಸ್-6 ಮಾನದಂಡ ಜಾರಿಯಲ್ಲಿದೆ. ಈ ಲಾರಿಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಹಾಗೂ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸುವ ವ್ಯವಸ್ಥೆ ಇರುತ್ತವೆ. ಗ್ರಾಮೀಣ ಬಳಕೆಯಲ್ಲಿ ತೊಂದರೆ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ಅ) ಫಿಲ್ಟರ್‌ನಲ್ಲಿ ಸೇರಿದ ಮಸಿಯು ಸುಟ್ಟುಹೋಗಲು ಹೆಚ್ಚಿನ ಶಾಖ ಬೇಕು. ಎರಡು ಮೂರು ಕಿ.ಮೀ. ಓಡಿ ನಿಲ್ಲುವ, ಗಂಟೆಗಟ್ಟಲೆ ನಿಂತಲ್ಲೇ ಪಂಪ್ ನಡೆಸುವ ಲಾರಿಯಲ್ಲಿ ಆ ಶಾಖ ಹುಟ್ಟುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಚ್ಚರಿಕೆ ದೀಪ ಹೊತ್ತಿದೊಡನೆ ಚಾಲಕನು ಕೈಪಿಡಿಯಲ್ಲಿ ಸೂಚಿಸಿದ ಶುದ್ಧೀಕರಣ ಕ್ರಮವನ್ನು ನಡೆಸಬೇಕು. ಆ ವೇಳೆ ಕೊಳವೆ ಅತಿಯಾಗಿ ಕಾಯುವುದರಿಂದ ಒಣ ಹುಲ್ಲು, ಬಣವೆ, ಕಣಗಳ ಬಳಿ ಲಾರಿ ನಿಲ್ಲಿಸಕೂಡದು.

ಆ) ಬಹುತೇಕ ಭಾರಿ ಲಾರಿಗಳಿಗೆ ಡೀಸೆಲ್ ಜೊತೆಗೆ ಶೇ 32.5ರ ಶುದ್ಧ ಯೂರಿಯಾ ದ್ರಾವಣವೂ ಬೇಕು. ಇದರ ಬಳಕೆ ಡೀಸೆಲ್‌ನ ಸುಮಾರು ಶೇ 5ರಷ್ಟು. ಗೊಬ್ಬರದಂಗಡಿಯ ಬೇವುಲೇಪಿತ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ತುಂಬಿದರೆ ಬೆಲೆಬಾಳುವ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ದ್ರಾವಣ ಮುಗಿದರೆ ಎಂಜಿನ್ ತಾನಾಗಿಯೇ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ. ಇದರ ಖರೀದಿಗೆ ವಾರ್ಷಿಕ ಆಯವ್ಯಯದಲ್ಲಿ ಅವಕಾಶ ಕಲ್ಪಿಸಬೇಕು.

ಇ) ಪಂಪ್ ನಡೆಸುವ ಅವಧಿಯು ಕಿ.ಮೀ. ಮಾಪಕದಲ್ಲಿ ದಾಖಲಾಗುವುದಿಲ್ಲ, ಆದರೆ ಎಂಜಿನ್ ಸವೆಯುತ್ತದೆ. ಲಾಗ್ ಪುಸ್ತಕದಲ್ಲಿ ಗಂಟೆಗಳನ್ನೂ ಬರೆದು, ಅದಕ್ಕನುಗುಣವಾಗಿ ಆಯಿಲ್ ಬದಲಿಸಬೇಕು.

5. ಬೆಲೆಯ ನಿಜವಾದ ಲೆಕ್ಕ

ಲಾರಿಯು ದಿನಕ್ಕೆ 60 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿದರೆ 18,000 ಕಿ.ಮೀ. ಆಗುತ್ತದೆ. ಲೀಟರ್‌ಗೆ 4 ಕಿ.ಮೀ. ಕೊಡುವ ಎಂಜಿನ್‌ಗೆ 4,500 ಲೀಟರ್, 4.5 ಕಿ.ಮೀ. ಕೊಡುವ ಎಂಜಿನ್‌ಗೆ 4,000 ಲೀಟರ್ ಡೀಸೆಲ್ ಬೇಕು. ಲೀಟರ್‌ಗೆ ರೂ. 90 ಎಂದು ಹಿಡಿದರೆ ವರ್ಷಕ್ಕೆ ರೂ. 45,000 ವ್ಯತ್ಯಾಸ. ಖರೀದಿಯಲ್ಲಿ ಎರಡು ಲಕ್ಷ ರೂಪಾಯಿ ಅಗ್ಗವೆನಿಸಿದ ಎಂಜಿನ್ ಐದನೆಯ ವರ್ಷ ಮುಗಿಯುವ ಮೊದಲೇ ದುಬಾರಿಯಾಗಿರುತ್ತದೆ.

6. ಹಳೆಯ ಲಾರಿ ಕೊಳ್ಳಬಹುದೇ?

ಪಂಚಾಯಿತಿಗಳೂ ಸೇರಿದಂತೆ ಸರ್ಕಾರಿ ಸಂಸ್ಥೆಗಳ 15 ವರ್ಷ ಮೀರಿದ ವಾಹನಗಳ ನೋಂದಣಿಯನ್ನು 1 ಏಪ್ರಿಲ್ 2023ರಿಂದ ನವೀಕರಿಸಲಾಗುತ್ತಿಲ್ಲ. ಹತ್ತು ವರ್ಷದ ಲಾರಿಯನ್ನು ಕೊಂಡರೆ ಉಳಿಯುವ ಸೇವಾವಧಿ ಐದು ವರ್ಷ ಮಾತ್ರ. ಪರಿಶೀಲನೆಯ ವೇಳೆ ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದೂ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಕೂಲಂಟ್ ಒಳಸೇರುತ್ತಿರಬಹುದು ಎಂದೂ, ಆಯಿಲ್ ಮುಚ್ಚಳ ತೆರೆದಾಗ ರಭಸವಾಗಿ ಗಾಳಿ ನುಗ್ಗಿದರೆ ಪಿಸ್ಟನ್ ರಿಂಗ್‌ಗಳು ಸವೆದಿವೆ ಎಂದೂ ತಿಳಿಯಬೇಕು.

7. ಟೆಂಡರ್ ಷರತ್ತುಗಳು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಆಶಯದಂತೆ ಸ್ಪರ್ಧೆ ಮುಕ್ತವಾಗಿರಬೇಕು. ಟಾಟಾ, ಅಶೋಕ್ ಲೇಲ್ಯಾಂಡ್, ಐಷರ್, ಭಾರತ್‌ಬೆಂಜ್ ಕಂಪನಿಗಳ ಲಾರಿಗಳು ಈ ತೂಕವರ್ಗದಲ್ಲಿ ದೊರೆಯುತ್ತವೆ. ಟೆಂಡರ್‌ನಲ್ಲಿ ಕಂಪನಿಯ ಹೆಸರನ್ನಲ್ಲ, ಅಗತ್ಯವಾದ ಗುಣಲಕ್ಷಣಗಳನ್ನು ನಮೂದಿಸಬೇಕು. ಒಟ್ಟು ತೂಕ, ಕನಿಷ್ಠ ಅಶ್ವಶಕ್ತಿ, ಟಾರ್ಕ್ ದೊರೆಯುವ ವೇಗ, ಪಂಪ್ ಜೋಡಣೆ, ವಾರಂಟಿ ಅವಧಿ, ಚಾಲಕನ ತರಬೇತಿ, ಅಧಿಕೃತ ಸೇವಾ ಕೇಂದ್ರದ ದೂರ ಮತ್ತು ದುರಸ್ತಿಗೆ ಹಾಜರಾಗಬೇಕಾದ ಅವಧಿ ಇವು ಸ್ಪಷ್ಟವಾಗಿರಲಿ.

ಸಾಮಾನ್ಯ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1) ಕಳೆದ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಲೀಟರ್ ನೀರು, ಎಷ್ಟು ದೂರದಿಂದ ಸಾಗಿಸಲಾಯಿತು?
2) ಬಾಡಿಗೆ ಟ್ಯಾಂಕರ್‌ಗೆ ಪಾವತಿಸಿದ ಮೊತ್ತವೆಷ್ಟು?
3) ಸ್ವಂತ ಲಾರಿಯ ಡೀಸೆಲ್, ಯೂರಿಯಾ ದ್ರಾವಣ, ವಿಮೆ, ಟೈರ್ ಮತ್ತು ಚಾಲಕನ ವೇತನವನ್ನು ಯಾವ ನಿಧಿಯಿಂದ ಭರಿಸಲಾಗುವುದು?
4) ಮಳೆಗಾಲದಲ್ಲಿ ಲಾರಿಯ ಬಳಕೆ ಏನು?
5) ಲಾರಿ ದುರಸ್ತಿಯಲ್ಲಿರುವ ದಿನಗಳಲ್ಲಿ ನೀರು ಪೂರೈಕೆಗೆ ಪರ್ಯಾಯವೇನು?

ಈ ಐದು ಪ್ರಶ್ನೆಗಳಿಗೆ ಅಂಕಿ ಅಂಶಗಳೊಂದಿಗೆ ಉತ್ತರ ದೊರೆತ ನಂತರವೇ ಖರೀದಿಯ ನಿರ್ಣಯ ಕೈಗೊಳ್ಳುವುದು ಸೂಕ್ತ.