ಮೊದಲು ಮನೆಯವರನ್ನು ಕೇಳು, ಆಮೇಲೆ ಕಿಟ್ ತರಿಸು

ಮಗೂ, ನಿನ್ನ ಅವಸರ ನನಗೆ ಗೊತ್ತು. ವೈಟ್‌ಫೀಲ್ಡ್‌ನಲ್ಲಿ ಕೂತು ಮೊಬೈಲ್ ಒತ್ತಿದರೆ ಗಳಿಗೆಯಲ್ಲಿ ತರಕಾರಿ ಬಾಗಿಲಿಗೆ ಬರುತ್ತದೆ. ಹಾಗೇ ಜೀನ್ ಪರೀಕ್ಷೆಯ ಕಿಟ್ ತರಿಸಿ ಎಂಜಲು ಕಳಿಸಿದರೆ ಹಣೆಬರಹವೂ ಬರುತ್ತದೆ ಅಂದುಕೊಂಡಿದ್ದೀಯ. ಕರುಳಿನ ಕ್ಯಾನ್ಸರ್ ಬರುತ್ತದೋ ಇಲ್ಲವೋ ಜೀನ್ ನೋಡಿ ಹೇಳಿಬಿಡುತ್ತಾರೆ ಅಂತ ನಂಬಬೇಡ. ಜಾಣ ನೀನು, ಸ್ವಲ್ಪ ನಿಂತು ಕೇಳು.

ಉಂಡದ್ದರಲ್ಲಿನ ಕೆಟ್ಟದ್ದನ್ನು ಹೊರಹಾಕುವ ಕಿಣ್ವಗಳು ಎಲ್ಲರಲ್ಲೂ ಒಂದೇ ವೇಗದಲ್ಲಿ ದುಡಿಯುವುದಿಲ್ಲ. ಆ ವ್ಯತ್ಯಾಸ ಬಹುಪಾಲು ಅಪ್ಪ ಅಮ್ಮನಿಂದ ಬಂದದ್ದು. ಅಂಥ ಕಿಣ್ವ ಮಾಡುವ ಎನ್‌ಎಟಿ2 ಜೀನ್ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಜಿಎಸ್‌ಟಿಎಂ1 ಜೀನ್ ಎಷ್ಟೋ ಜನರಲ್ಲಿ ಇರುವುದೇ ಇಲ್ಲ, ಆದರೂ ಗಟ್ಟಿಮುಟ್ಟಾಗಿದ್ದಾರೆ. ಮಾಂಸವನ್ನು ಕಪ್ಪಾಗುವಂತೆ ಸುಟ್ಟಾಗ ಹುಟ್ಟುವ ರಾಸಾಯನಿಕಗಳನ್ನು ಮೈ ಹೇಗೆ ನಿಭಾಯಿಸುತ್ತದೆ ಎನ್ನುವುದರಲ್ಲಿ ಇವಕ್ಕೆ ಪಾಲುಂಟು. ಆದರೆ ಒಂದೊಂದರ ಪ್ರಭಾವ ಅಲ್ಪ. ರಾಜಕಾಲುವೆ ಕಿರಿದಾಗಿದ್ದರೂ ಮಳೆ ಹದವಾಗಿದ್ದರೆ ಬೀದಿಗೆ ನೀರು ನುಗ್ಗುವುದಿಲ್ಲ.

ಎಂಟಿಎಚ್‌ಎಫ್‌ಆರ್ ಜೀನನ್ನೇ ನೋಡು. ಅಮೆರಿಕದ ವೈದ್ಯರನ್ನೇ ವರ್ಷಗಟ್ಟಲೆ ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದರ ಒಂದು ಬಗೆ ಇದ್ದವರಿಗೆ ಕರುಳಿನ ಕ್ಯಾನ್ಸರ್ ಕಡಿಮೆ ಕಂಡಿತು. ಆದರೆ ಮೈಯಲ್ಲಿ ಫೋಲೇಟ್ ಎಂಬ ವಿಟಮಿನ್ ಸಾಲದವರಿಗೂ ಹೆಚ್ಚು ಕುಡಿಯುವವರಿಗೂ ಆ ಲಾಭ ದಕ್ಕಲಿಲ್ಲ. ಒಳ್ಳೆಯ ಜೀನ್ ಇದ್ದರೂ ಬಾಟಲಿ ಅದರ ಲಾಭವನ್ನು ಕೆಡಿಸಿತು. ಫೋಲೇಟ್ ಸಿಗುವುದು ಸೊಪ್ಪು, ಬೇಳೆ, ಕಾಳಿನಲ್ಲಿ. ಬೇಯಿಸಿದಾಗ ಅದು ನೀರಿಗೆ ಬಿಟ್ಟುಕೊಳ್ಳುತ್ತದೆ. ಬೆಂದ ಸೊಪ್ಪಿನ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡಿದವರು ಪೆದ್ದರಲ್ಲಪ್ಪ. ನೈಟ್ ಶಿಫ್ಟ್ ಮುಗಿಸಿ ಕಬಾಬ್, ಬಿಯರ್ ಅನ್ನುವ ಬದಲು ಮುದ್ದೆ ಬಸ್ಸಾರು ಉಣ್ಣು. ಸಾಸೇಜಿನಂಥ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ.

ನಿಜಕ್ಕೂ ಅಂಜಬೇಕಾದ ಜೀನ್‌ಗಳು ಬೇರೆ. ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಎಂಬುದು ಡಿಎನ್‌ಎ ರಿಪೇರಿಯ ಜೀನ್ ಕೆಡುವುದರಿಂದ ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ. ಅದರ ಮೊದಲ ಸುಳಿವು ಮನೆಯವರ ನೆನಪಿನಲ್ಲಿ ಸಿಗುತ್ತದೆ. ದೊಡ್ಡಪ್ಪನಿಗೆ ಐವತ್ತರೊಳಗೇ ಕರುಳಿನ ಗಡ್ಡೆಯಾಗಿತ್ತೇ? ಸೋದರತ್ತೆಗೆ ಗರ್ಭಕೋಶದ ಕ್ಯಾನ್ಸರ್ ಇತ್ತೇ? ಹಬ್ಬಕ್ಕೆ ಊರಿಗೆ ಹೋದಾಗ ಕೇಳು. ಹೌದಾದರೆ ತಜ್ಞರ ಬಳಿ ಹೋಗು, ಪರೀಕ್ಷೆ ಬೇಕೋ ಬೇಡವೋ ಅವರು ಹೇಳಲಿ.

ಇನ್ನೊಂದು ಮಾತು. ಮಲದಲ್ಲಿ ರಕ್ತ ಕಂಡರೆ ಪೈಲ್ಸ್ ಅಂತ ನೀನೇ ತೀರ್ಮಾನಿಸಿ ಮೆಡಿಕಲ್ ಶಾಪಿನ ಮುಲಾಮು ತರಬೇಡ. ಮಲವಿಸರ್ಜನೆಯ ರೂಢಿ ಬದಲಾಗಿ ವಾರಗಟ್ಟಲೆ ಹಾಗೇ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಸುಮ್ಮನಿರಬೇಡ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ನಿನ್ನ ಗೆಳೆಯನಿಗೂ ಇದನ್ನೇ ಹೇಳು; ಅವನ ಹತ್ತಿರ ಇಎಸ್‌ಐ ಕಾರ್ಡ್ ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ಕ್ಯಾನ್ಸರ್ ಅನುಮಾನವಿದ್ದವರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ನಾಚಿಕೆಗೆ ಮದ್ದಿಲ್ಲ, ಬೇಗ ಸಿಕ್ಕ ಕರುಳಿನ ಕ್ಯಾನ್ಸರಿಗೆ ಮದ್ದಿದೆ. ತಡಮಾಡಬೇಡ, ಹೋಗಿ ತೋರಿಸು.