ಕಾಯಕವೂ ಕೂಲಿಯ ಲೆಕ್ಕವೂ

ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಕಳುಹಿಸಿದ ಕಥೆ ಪ್ರಸಿದ್ಧವಾಗಿದೆ. ಇದನ್ನು ನಿರಾಶೆಗೆ ನಿದರ್ಶನವಾಗಿ ಹೇಳುವುದು ರೂಢಿ. ಆದರೆ ಹೆಚ್ಚಾಯಿತೆಂದು ಅರಿಯಬೇಕಾದರೆ ದಿನದ ಅಳತೆ ಮೊದಲೇ ಗೊತ್ತಿರಬೇಕಷ್ಟೆ. ಈ ಅಳತೆಯ ಧರ್ಮ ದುಡಿಸಿಕೊಳ್ಳುವವನಿಗೂ ಸಲ್ಲುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ರೇಷ್ಮೆಯ ಸೀಮೆ. ರಾಮನಗರದ ಮಾರುಕಟ್ಟೆಯಲ್ಲಿ ರೈತನ ಗೂಡನ್ನು ತೂಗಿ, ಹರಾಜು ಮಾಡಿ, ತೂಕವನ್ನೂ ಬೆಲೆಯನ್ನೂ ಬರೆದಿಡುತ್ತಾರೆ. ಆ ಗೂಡು ನೂಲು ಬಿಚ್ಚಾಣಿಕೆಯ ಮನೆ ಸೇರಿದ ಬಳಿಕ, ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ತೆಗೆಯುವವರ ವೇಳೆಯನ್ನೂ ಅಷ್ಟೇ ನಿಷ್ಠೆಯಿಂದ ಬರೆಯಬೇಡವೆ? ರೇಷ್ಮೆಯ ಉದ್ಯಮದಲ್ಲಿ ಮುಂಗಡದ ಸಾಲಕ್ಕೆ ಜೀತಬಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ 2003ರ ವರದಿಯು ಕರ್ನಾಟಕವನ್ನೂ ಸೇರಿಸಿ ವಿವರಿಸಿತು.

ಮುಂಗಡವು ಜೀತವಾಗುವ ಬಗೆಯನ್ನು ಒಂದು ಊಹೆಯ ಲೆಕ್ಕದಿಂದ ತಿಳಿಯಬಹುದು. 12,000 ರೂಪಾಯಿ ಮುಂಗಡ ಪಡೆದವನ ಕೂಲಿಯಲ್ಲಿ ವಾರಕ್ಕೆ 200 ರೂಪಾಯಿ ಹಿಡಿದರೆ 60 ವಾರಗಳಲ್ಲಿ ಸಾಲ ತೀರಬೇಕು. ಹಿಡಿದುದನ್ನು ಬರೆಯದೆ, ಕೆಲಸಕ್ಕೆ ಬಾರದ ದಿನಗಳನ್ನೂ ಔಷಧಕ್ಕೆ ಕೊಟ್ಟ ಹಣವನ್ನೂ ಮಾತ್ರ ನೆನಪಿನಿಂದ ಕೂಡಿಸುತ್ತ ಹೋದರೆ, ಎರಡು ವರ್ಷ ಕಳೆದರೂ ಸಾಲ ತೀರದು. ಮಾಲಿಕನು ದುಷ್ಟನಾಗಿರಬೇಕೆಂದೇನೂ ಇಲ್ಲ. ಮನುಷ್ಯನ ಮರೆವು ತನ್ನ ಲಾಭದ ಕಡೆಗೇ ವಾಲುತ್ತದೆ. ಆದುದರಿಂದ ದುಡಿದ ಗಂಟೆ, ಕೊಟ್ಟ ಕೂಲಿ, ಹಿಡಿದ ಮುಂಗಡ, ಉಳಿದ ಬಾಕಿ ಇವು ಒಂದೇ ಪುಟದಲ್ಲಿರಬೇಕು. ಅದರ ಪ್ರತಿ ದುಡಿಯುವವನ ಕೈಯಲ್ಲಿಯೂ ಇರಬೇಕು. ಓದಲು ಬಾರದವನಿಗೆ ಓದಿ ಹೇಳಬೇಕು.

ಜೀತದ ಸಾಲವೆಂಬ ಮಾತು ಬಂದಾಗ ಅದು ಅಂಥದಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ಸಾಲಿಗನ ಮೇಲೆಯೇ ಇರಿಸಿದೆ. ಕೂಲಿಯ ದಾಖಲೆ ಇಡಬೇಕೆಂದು 1948ರ ಕನಿಷ್ಠ ವೇತನ ಕಾಯಿದೆಯೂ ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯು ಹಾಜರಿ ಮತ್ತು ಕೂಲಿಯ ಪುಸ್ತಕವನ್ನಲ್ಲದೆ ವೇತನದ ಚೀಟಿಯನ್ನೂ ಕೊಡಬೇಕೆನ್ನುತ್ತದೆ. ಕೂಲಿ ಸಂದಿಲ್ಲವೆಂಬ ದೂರು ಬಂದರೆ, ಸಂದಿದೆಯೆಂದು ಮಾಲಿಕನೇ ತೋರಿಸಬೇಕು. ಪುಸ್ತಕವಿಲ್ಲದಿದ್ದರೆ ನ್ಯಾಯವಾಗಿ ಕೂಲಿ ಕೊಟ್ಟವನೂ ಅಲ್ಲಿ ಮೂಕನಾಗುತ್ತಾನೆ.

ಚನ್ನಪಟ್ಟಣದ ಗೊಂಬೆ ಕೆಲಸದಂತೆ ಎಣಿಕೆಯ ಮೇಲೆ ಕೂಲಿ ಕೊಡುವಲ್ಲಿ ಗಂಟೆಯನ್ನು ಬರೆಯುವುದೇಕೆಂದು ಕೆಲವರು ಕೇಳಬಹುದು. ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವವನಿಗೆ ಹೊತ್ತು ಮುಳುಗುವವರೆಗೆ ದುಡಿದರೂ ದಿನದ ಕನಿಷ್ಠ ಕೂಲಿ ಹುಟ್ಟುತ್ತದೆಯೆ ಎಂಬುದು ಗೊಂಬೆಗಳ ಎಣಿಕೆಯೊಂದರಿಂದಲೇ ತಿಳಿಯದು.